ಊರು ಯಾರದು? ರಾಕ್ ಸ್ಪ್ರಿಂಗ್ಸ್ ಎಂಬ ರೈಲುದಾರಿಯ ಊರಿನ ಕಥೆ

(ಸಂಘದ ವಾರ್ಷಿಕ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಮಾಲೆಯಲ್ಲಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ಇತಿಹಾಸದ ವಿಷಯವೊಂದನ್ನು ಆರಿಸಿಕೊಳ್ಳುತ್ತೇನೆ ಎಂದಿದ್ದೆ. ಕದಂಬರೋ ರಾಷ್ಟ್ರಕೂಟರೋ ಇರಬಹುದೆಂದು ಅವರು ಭಾವಿಸಿದ್ದರೆ ಅದು ಸಹಜವೇ. ವಿಷಯದ ಹೆಸರನ್ನು ಬರೆದು ಕಳುಹಿಸಿದ ಮೇಲೆ, "ಇದು ಅಮೆರಿಕದ ಊರಲ್ಲವೇ? ನಮಗೂ ಅದಕ್ಕೂ ಏನು ಸಂಬಂಧ?" ಎಂದು ಸೌಜನ್ಯದಿಂದಲೇ ಕೇಳಿದರು. ಆ ಪ್ರಶ್ನೆಗೆ ದೂರವಾಣಿಯಲ್ಲಿ ಉತ್ತರ ಹೇಳಲಾಗಲಿಲ್ಲ. ಈ ಹೊತ್ತಿನ ಭಾಷಣವೇ ಅದಕ್ಕೆ ಉತ್ತರವೆಂದು ಅವರು ಸ್ವೀಕರಿಸಬೇಕು.

ನಾನು ಓದಿದ್ದು ಇತಿಹಾಸದ ಎಂ.ಎ. ಹೊಟ್ಟೆಪಾಡಿಗೆ ಸೇರಿದ್ದು ಕೇಂದ್ರ ಸರ್ಕಾರದ ಲೆಕ್ಕಪತ್ರ ಪರಿಶೋಧನೆಯ ಕೆಲಸಕ್ಕೆ. ಆದ್ದರಿಂದ ನನ್ನ ಮಾತಿನಲ್ಲಿ ಇತಿಹಾಸಕಾರನ ಉತ್ಸಾಹಕ್ಕಿಂತ ಲೆಕ್ಕದವನ ಸಂಶಯವೇ ಹೆಚ್ಚಾಗಿ ಕಂಡರೆ ಮನ್ನಿಸಬೇಕು. ಎರಡು ವರ್ಷಗಳ ಹಿಂದೆ ರಜೆ ಹಾಕಿ ಮಗಳ ಮನೆಗೆಂದು ಸಾಲ್ಟ್ ಲೇಕ್ ಸಿಟಿಗೆ ಹೋಗಿದ್ದೆ. ಅಲ್ಲಿಂದ ಪೂರ್ವಕ್ಕೆ ಸುಮಾರು ಮೂರು ಗಂಟೆ ಕಾರಿನಲ್ಲಿ ಹೋದರೆ ವಯೋಮಿಂಗ್ ರಾಜ್ಯದ ರಾಕ್ ಸ್ಪ್ರಿಂಗ್ಸ್ ಸಿಗುತ್ತದೆ. ವಿದ್ಯಾರ್ಥಿಯಾಗಿದ್ದಾಗ ಪುಸ್ತಕವೊಂದರಲ್ಲಿ ಓದಿದ ಆ ಊರಿನ ಹೆಸರು ಮೂವತ್ತು ವರ್ಷಗಳಿಂದ ನನ್ನ ಮನಸ್ಸಿನಲ್ಲಿತ್ತು. "ಅಪ್ಪಾ, ಅಲ್ಲಿ ನೋಡುವುದಕ್ಕೆ ಏನೂ ಇಲ್ಲ" ಎಂದಳು ಮಗಳು. ಅವಳು ಹೇಳಿದ್ದು ನಿಜ. ಗಿಡಮರಗಳಿಲ್ಲದ ಬೋಳುಗುಡ್ಡಗಳು, ಸಮುದ್ರಮಟ್ಟದಿಂದ ಆರು ಸಾವಿರ ಅಡಿಗೂ ಎತ್ತರದ ಒಣಗಾಳಿ, ಒಂದು ಹಳೆಯ ರೈಲು ನಿಲ್ದಾಣ, ಅದರ ಬಳಿ ಆ ಊರಿನ ಕಲ್ಲಿದ್ದಲನ್ನು ಹೊಗಳುವ ದೊಡ್ಡದೊಂದು ಫಲಕ. ಪ್ರಯಾಣಿಕರ ರೈಲು ಈಗ ಅಲ್ಲಿ ನಿಲ್ಲುವುದಿಲ್ಲ. ಉದ್ದುದ್ದ ಸರಕು ರೈಲುಗಳು ಮಾತ್ರ ಹಾದುಹೋಗುತ್ತವೆ. ಇಷ್ಟೇ ಆದ ಊರಿನ ಆರಂಭದ ಇಪ್ಪತ್ತು ವರ್ಷಗಳ ಚರಿತ್ರೆಯನ್ನು ನಿಮ್ಮ ಮುಂದೆ ಇಡಬಯಸುತ್ತೇನೆ.

ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಊರು ಮೊದಲು ಹುಟ್ಟಿತು, ರೈಲು ಆಮೇಲೆ ಬಂದಿತು. ಅಮೆರಿಕದ ಪಶ್ಚಿಮದಲ್ಲಿ ಇದು ತಿರುವುಮುರುವು. 1862ರ ಜುಲೈ 1ರಂದು ಅಧ್ಯಕ್ಷ ಲಿಂಕನ್ನರು ಪೆಸಿಫಿಕ್ ರೈಲ್ವೆ ಕಾಯಿದೆಗೆ ಸಹಿ ಹಾಕಿದರು. ನೆಬ್ರಾಸ್ಕದ ಒಮಾಹದಿಂದ ಪಶ್ಚಿಮಕ್ಕೆ ಯೂನಿಯನ್ ಪೆಸಿಫಿಕ್ ಕಂಪನಿಯೂ, ಕ್ಯಾಲಿಫೋರ್ನಿಯದಿಂದ ಪೂರ್ವಕ್ಕೆ ಸೆಂಟ್ರಲ್ ಪೆಸಿಫಿಕ್ ಕಂಪನಿಯೂ ಹಳಿ ಹಾಕಬೇಕೆಂದು ನಿಗದಿಯಾಯಿತು. ಕಂಪನಿಗಳಿಗೆ ಸರ್ಕಾರದ ಸಾಲಪತ್ರಗಳ ನೆರವಲ್ಲದೆ, ಹಾಕಿದ ಪ್ರತಿ ಮೈಲಿ ಹಳಿಗೆ ಹತ್ತು ಚದರ ಮೈಲಿ ಭೂಮಿ ಇನಾಮು ದೊರೆಯಿತು. 1864ರಲ್ಲಿ ಅದನ್ನು ಇಪ್ಪತ್ತಕ್ಕೆ ಏರಿಸಿದರು. ಹಳಿಯ ಎರಡೂ ಬದಿಗಳಲ್ಲಿ ಚದುರಂಗದ ಹಾಸಿನಂತೆ ಒಂದು ಮನೆ ಸರ್ಕಾರದ್ದು, ಮತ್ತೊಂದು ಮನೆ ಕಂಪನಿಯದು. ಆ ಹಾಸಿನ ಮೇಲೆ ಅದುವರೆಗೆ ಬೇಟೆಯಾಡಿಕೊಂಡು, ಋತುವಿಗೊಂದು ಕಡೆ ಬೀಡುಬಿಡುತ್ತಿದ್ದವರು ಶೋಶೋನಿ, ಯೂಟ್ ಮುಂತಾದ ಮೂಲನಿವಾಸಿಗಳು. ರೈಲು ಬರುತ್ತಿದ್ದ ಅದೇ 1868ರ ಜುಲೈಯಲ್ಲಿ ಫೋರ್ಟ್ ಬ್ರಿಜರ್‌ನಲ್ಲಿ ನಡೆದ ಒಪ್ಪಂದದ ಪ್ರಕಾರ ಪೂರ್ವದ ಶೋಶೋನಿಗಳಿಗೆ ದೂರದ ವಿಂಡ್ ರಿವರ್ ಕಣಿವೆಯಲ್ಲಿ ಜಾಗ ಗೊತ್ತುಮಾಡಲಾಯಿತು. ಈ ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ "ಇಲ್ಲಿಯವರು", "ಹೊರಗಿನವರು" ಎಂಬ ಮಾತು ಬಂದಾಗ ಅದು ನಮಗೆ ಬೇಕಾಗುತ್ತದೆ.

ಹಳಿಯ ತುದಿ ಪಶ್ಚಿಮಕ್ಕೆ ಸರಿದಂತೆಲ್ಲ ಅದರ ಜೊತೆಯಲ್ಲಿ ಡೇರೆಗಳ ಊರುಗಳೂ ಸರಿಯುತ್ತಿದ್ದವು. ಕೂಲಿಕಾರರು, ಅಂಗಡಿಯವರು, ಹೆಂಡ ಮಾರುವವರು, ಜೂಜಾಡಿಸುವವರು ಎಲ್ಲರೂ ಬಂದು ನೆರೆಯುತ್ತಿದ್ದರು. ಬೆಂಟನ್ ಎಂಬ ಅಂಥದೊಂದು ಊರು 1868ರಲ್ಲಿ ಸುಮಾರು ಮೂರೇ ತಿಂಗಳು ಬಾಳಿ ಮಾಯವಾಯಿತು. ಹಳಿ ಮುಂದೆ ಹೋಯಿತು, ಊರೂ ಗಂಟುಮೂಟೆ ಕಟ್ಟಿತು. ಹಾಗಾದರೆ ಯಾವ ಊರು ಉಳಿಯುತ್ತಿತ್ತು? ಉಗಿಬಂಡಿಗೆ ಬೇಕಾದದ್ದು ಎರಡು, ನೀರು ಮತ್ತು ಕಲ್ಲಿದ್ದಲು. ಈ ಎರಡರಲ್ಲಿ ಒಂದಾದರೂ ಇದ್ದ ಕಡೆ ಊರು ನಿಂತಿತು.

ರಾಕ್ ಸ್ಪ್ರಿಂಗ್ಸ್‌ಗೆ ಆ ಹೆಸರು ಬಂದದ್ದು ಬಂಡೆಯ ಬುಡದಲ್ಲಿ ಒಸರುತ್ತಿದ್ದ ಒಂದು ಒರತೆಯಿಂದ. ಊರು ಉಳಿದದ್ದು ಮಾತ್ರ ನೀರಿನಿಂದಲ್ಲ. ಅಲ್ಲಿ ಹರಿಯುವ ಹಳ್ಳದ ಹೆಸರೇ ಬಿಟರ್ ಕ್ರೀಕ್, ಕನ್ನಡದಲ್ಲಿ ಹೇಳುವುದಾದರೆ ಕಹಿಹಳ್ಳ. ಕುಡಿಯುವ ನೀರನ್ನು ಹದಿನೈದು ಮೈಲಿ ದೂರದ ಗ್ರೀನ್ ರಿವರ್‌ನಿಂದ ರೈಲಿನ ತೊಟ್ಟಿಗಳಲ್ಲಿ ತರಿಸಬೇಕಾಗಿತ್ತು. ನೆಲದ ಕೆಳಗಿದ್ದ ಕಲ್ಲಿದ್ದಲು ಮಾತ್ರ ಉತ್ತಮ ಜಾತಿಯದು. ಸ್ಕಾಟ್ಲೆಂಡಿನಿಂದ ಬಂದಿದ್ದ ಆರ್ಚಿಬಾಲ್ಡ್ ಮತ್ತು ಡಂಕನ್ ಬ್ಲೇರ್ ಎಂಬ ಸೋದರರು 1868ರಲ್ಲಿ ಅಲ್ಲಿ ಮೊದಲ ಗಣಿಯನ್ನು ತೆರೆದರು. ಅದೇ ವರ್ಷದ ಶರತ್ಕಾಲದಲ್ಲಿ ಹಳಿ ಆ ದಾರಿಯಾಗಿ ಸಾಗಿತು. 1869ರ ಮೇ 10ರಂದು ಯೂಟಾದ ಪ್ರೊಮಂಟರಿ ಎಂಬಲ್ಲಿ ಎರಡು ಕಂಪನಿಗಳ ಹಳಿಗಳು ಕೂಡಿಕೊಂಡವು. ಖಂಡದ ಎರಡು ಅಂಚುಗಳು ಬೆಸೆದವೆಂದು ದೇಶವೆಲ್ಲ ಹಬ್ಬ ಮಾಡಿತು. ಹಬ್ಬ ಮುಗಿದ ಮರುದಿನದಿಂದ ಬಂಡಿಗಳಿಗೆ ಪ್ರತಿದಿನವೂ ಕಲ್ಲಿದ್ದಲು ಬೇಕಾಯಿತು.

ಗಣಿಯ ಊರೆಂದರೆ ಏನೆಂಬುದು ನಮ್ಮಲ್ಲಿ ಕೋಲಾರದ ಚಿನ್ನದ ಗಣಿಯ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಭೂಮಿ ಕಂಪನಿಯದು, ಮನೆ ಕಂಪನಿಯದು, ಅಂಗಡಿ ಕಂಪನಿಯದು ಇಲ್ಲವೇ ಕಂಪನಿಗೆ ಬೇಕಾದವರದು. ಸಂಬಳ ಒಂದು ಕೈಯಿಂದ ಬಂದು ಇನ್ನೊಂದು ಕೈಯಿಂದ ಅದೇ ಪೆಟ್ಟಿಗೆಗೆ ಹಿಂತಿರುಗುತ್ತದೆ. ರಾಕ್ ಸ್ಪ್ರಿಂಗ್ಸ್‌ನ ಮೊದಲ ಗಣಿಗಾರರಲ್ಲಿ ಅನೇಕರು ಕಹಿಹಳ್ಳದ ದಂಡೆಯನ್ನೇ ಕೊರೆದು, ಮುಂದಕ್ಕೊಂದು ಬಾಗಿಲು ಇಟ್ಟು ಸಂಸಾರ ಮಾಡಿದರು. ಸ್ಕಾಟ್ಲೆಂಡ್, ವೇಲ್ಸ್, ಕಾರ್ನ್‌ವಾಲ್, ಐರ್ಲೆಂಡ್, ಸ್ಕ್ಯಾಂಡಿನೇವಿಯ ಹೀಗೆ ನಾನಾ ಕಡೆಗಳಿಂದ ಬಂದವರು ಅವರು. 1880ರ ಜನಗಣತಿಯ ಹೊತ್ತಿಗೂ ಊರಿನ ಜನಸಂಖ್ಯೆ ಎಂಟುನೂರನ್ನು ಮುಟ್ಟಿರಲಿಲ್ಲ.

1875ರಲ್ಲಿ ಕಂಪನಿ ಕೂಲಿಯ ದರವನ್ನು ಇಳಿಸಿತು. ಅಂಗಡಿಯ ಬೆಲೆಯನ್ನು ಮಾತ್ರ ಇಳಿಸಲಿಲ್ಲ. ಗಣಿಗಾರರು ಮುಷ್ಕರ ಹೂಡಿದರು. ಲೆಕ್ಕದವನ ದೃಷ್ಟಿಯಿಂದಲೂ ಹೇಳುತ್ತೇನೆ, ಅವರ ಬೇಡಿಕೆ ನ್ಯಾಯವಾದದ್ದೇ ಆಗಿತ್ತು. ಕಂಪನಿ ಅವರೊಡನೆ ಮಾತುಕತೆಗೆ ಕೂರುವ ಬದಲು ಸೈನ್ಯದ ಕಾವಲಿನಲ್ಲಿ ಸುಮಾರು 150 ಮಂದಿ ಚೀನೀ ಕೂಲಿಕಾರರನ್ನು ತಂದು ಗಣಿಯೊಳಕ್ಕೆ ಇಳಿಸಿತು. ಹಳೆಯವರಲ್ಲಿ ಸುಮಾರು ಐವತ್ತು ಮಂದಿಗೆ ಮಾತ್ರ ಕೆಲಸ ಉಳಿಯಿತು.

ಈ ಚೀನೀಯರು ಯಾರು? ಕ್ಯಾಲಿಫೋರ್ನಿಯದ ಕಡೆಯ ಹಳಿಯನ್ನು ಹಾಕಿದವರು ಬಹುಮಟ್ಟಿಗೆ ಅವರೇ. ಸಿಯೆರಾ ನೆವಾಡ ಪರ್ವತದ ಗ್ರಾನೈಟನ್ನು ಕೊರೆದು, ಹಿಮದಲ್ಲಿ ಹೂತುಹೋಗಿ, ಸಿಡಿಮದ್ದಿಗೆ ಸಿಕ್ಕಿ ಸತ್ತವರಲ್ಲಿಯೂ ಅವರೇ ಹೆಚ್ಚು. ಹಳಿ ಮುಗಿದ ಮೇಲೆ ಅವರಿಗೆ ಕೆಲಸವಿರಲಿಲ್ಲ. ಗುತ್ತಿಗೆದಾರ ಕರೆದಲ್ಲಿಗೆ ಹೋದರು, ಕೊಟ್ಟ ಕೂಲಿಗೆ ದುಡಿದರು. ಯಾರ ಮುಷ್ಕರವನ್ನು ಮುರಿಯುವುದಕ್ಕೆ ತಮ್ಮನ್ನು ತರಲಾಗಿದೆಯೆಂಬುದು ಅವರಲ್ಲಿ ಎಷ್ಟು ಜನರಿಗೆ ತಿಳಿದಿತ್ತೋ! ಹತ್ತು ವರ್ಷಗಳಲ್ಲಿ ಗಣಿಗಳಲ್ಲಿ ಅವರ ಸಂಖ್ಯೆ ಬಿಳಿಯರ ಎರಡರಷ್ಟಾಯಿತು. ಹಳ್ಳದ ಆಚೆಗೆ, ಊರಿನ ಉತ್ತರಕ್ಕೆ, ಅವರದೇ ಒಂದು ಕೇರಿ ಎದ್ದಿತು. ಈಚೆಗೂ ಆಚೆಗೂ ನಡುವೆ ಹಲಗೆಯ ಒಂದು ಸೇತುವೆ.

ಇಷ್ಟರಲ್ಲಿ, 1882ರಲ್ಲಿ, ಅಮೆರಿಕದ ಕಾಂಗ್ರೆಸ್ಸು ಚೀನೀ ಬಹಿಷ್ಕಾರ ಕಾಯಿದೆಯನ್ನು ಅಂಗೀಕರಿಸಿತು. ಹೊಸ ಚೀನೀ ಕೂಲಿಕಾರರು ಬರುವಂತಿಲ್ಲ. ಇದ್ದವರಿಗೂ ಪೌರತ್ವ ದೊರೆಯುವಂತಿಲ್ಲ. ಒಂದು ಜನಾಂಗದ ಕೂಲಿಕಾರರನ್ನು ಹೆಸರಿಟ್ಟು ಹೊರಗಿಟ್ಟ ಕಾಯಿದೆ ಅದು. ಬೇರೆ ದೇಶದಿಂದ ಬಂದು ಐದಾರು ವರ್ಷ ಕಳೆದ ವೇಲ್ಸ್‌ನವನು ಅಥವಾ ಸ್ವೀಡನ್ನಿನವನು ಪ್ರಜೆಯಾಗಬಹುದಾಗಿತ್ತು. ಹದಿನೈದು ವರ್ಷ ಹಳಿ ಹಾಕಿ ಗಣಿ ಅಗೆದ ಕ್ಯಾಂಟನ್ನಿನವನು ಆಗಲಾರನು. ಇಬ್ಬರೂ ವಲಸೆ ಬಂದವರೇ, ಇಬ್ಬರೂ ಅದೇ ಕಂಪನಿಯ ಕೂಲಿಗಳೇ. ವ್ಯತ್ಯಾಸವನ್ನು ಹುಟ್ಟಿಸಿದ್ದು ಕಾಯಿದೆಯ ಒಂದು ಸಾಲು. ಯಾರನ್ನು ಹೊರಗಿನವರೆಂದು ಕರೆಯಬಹುದೆಂದು ಸರ್ಕಾರವೇ ಬರೆದುಕೊಟ್ಟ ಮೇಲೆ, ಬೀದಿಯ ಜನ ಅದನ್ನು ಓದಿಕೊಳ್ಳಲು ತಡವಾಗುವುದಿಲ್ಲ.

ಬಿಳಿಯ ಗಣಿಗಾರರು ನೈಟ್ಸ್ ಆಫ್ ಲೇಬರ್ ಎಂಬ ಕಾರ್ಮಿಕ ಸಂಘಟನೆಯನ್ನು ಸೇರಿದರು. ಮುಷ್ಕರಕ್ಕೆ ಕರೆದಾಗ ಚೀನೀಯರು ಬರಲಿಲ್ಲ. ಅವರು ಬರುವುದಾದರೂ ಹೇಗೆ? ಕೆಲಸ ಬಿಟ್ಟ ದಿನ ಅವರಿಗೆ ದೇಶದಲ್ಲಿ ಬೇರೆ ನೆಲೆಯಿರಲಿಲ್ಲ. ಅವರನ್ನು ಸದಸ್ಯರನ್ನಾಗಿ ಸ್ವೀಕರಿಸಲು ಆ ಸಂಘಟನೆಯೂ ಸಿದ್ಧವಿರಲಿಲ್ಲ. ಎರಡು ಕಡೆಯವರ ಹಸಿವೂ ಒಂದೇ ಆಗಿರುವಾಗ, ಒಬ್ಬರ ಹಸಿವನ್ನು ಇನ್ನೊಬ್ಬರ ಮೇಲೆ ಛೂ ಬಿಟ್ಟು ಕೂಲಿಯನ್ನು ಕೆಳಗಿಟ್ಟುಕೊಂಡದ್ದು ಕಂಪನಿಗೆ ಲಾಭದ ವ್ಯವಹಾರವಾಯಿತು.

1885ರ ಸೆಪ್ಟೆಂಬರ್ 2, ಬುಧವಾರ. ಬೆಳಿಗ್ಗೆ ಆರನೆಯ ನಂಬರಿನ ಗಣಿಯಲ್ಲಿ ಒಂದು ಜಗಳ ಹುಟ್ಟಿತು. ಕಾರಣ ಕ್ಷುಲ್ಲಕವೆಂದು ಕೆಲವರು ಬರೆಯುತ್ತಾರೆ. ಗಣಿಯ ಕ್ರಮವನ್ನು ತಿಳಿದರೆ ಅದು ಕ್ಷುಲ್ಲಕವಲ್ಲ. ನೆಲದೊಳಗೆ ಕಲ್ಲಿದ್ದಲಿನ ಪದರದಲ್ಲಿ ಕೋಣೆಗಳನ್ನು ಕೊರೆದು, ಚಾವಣಿಗೆ ಆಸರೆಯಾಗಿ ನಡುವೆ ಕಂಬಗಳನ್ನು ಬಿಡುತ್ತಿದ್ದರು. ಪ್ರತಿ ಗಣಿಗಾರನಿಗೂ ಒಂದು ಕೋಣೆ. ಕೂಲಿ ದಿನಕ್ಕಲ್ಲ, ಅಗೆದ ತೂಕಕ್ಕೆ. ಒಳ್ಳೆಯ ಕೋಣೆ ಸಿಕ್ಕಿದವನ ಮಕ್ಕಳು ಉಣ್ಣುತ್ತಿದ್ದರು, ಕೆಟ್ಟ ಕೋಣೆ ಸಿಕ್ಕಿದವನ ಮಕ್ಕಳು ಸಾಲದಲ್ಲಿ ಬೆಳೆಯುತ್ತಿದ್ದರು. ಅಂಥದೊಂದು ಕೋಣೆಯನ್ನು ಮೇಲ್ವಿಚಾರಕರು ಚೀನೀಯರಿಗೆ ಕೊಟ್ಟರು. ಅದು ತಮ್ಮದೆಂದು ಬಿಳಿಯರು ತಕರಾರು ತೆಗೆದರು. ಹೊಡೆದಾಟವಾಯಿತು. ಗುದ್ದಲಿ, ಸಲಿಕೆಗಳೇ ಆಯುಧಗಳಾದವು.

ಮಧ್ಯಾಹ್ನದ ಹೊತ್ತಿಗೆ ನೂರಕ್ಕೂ ಮಿಕ್ಕಿದ ಜನ ಬಂದೂಕುಗಳನ್ನು ಹಿಡಿದು ಸೇತುವೆ ದಾಟಿದರು. ಚೀನೀಯರ ಕೇರಿಯನ್ನು ಮೂರು ಕಡೆಗಳಿಂದ ಮುತ್ತಿದರು. ಓಡಿದವರನ್ನು ಬೆನ್ನಟ್ಟಿ ಹೊಡೆದರು, ಸಿಕ್ಕಿದವರ ಗಂಟುಗಳನ್ನು ಕಿತ್ತುಕೊಂಡರು. ಗುಂಪಿನಲ್ಲಿ ಹೆಂಗಸರೂ ಇದ್ದರು. ಸಂಜೆಯ ಹೊತ್ತಿಗೆ ಮನೆಗಳಿಗೆ ಬೆಂಕಿ ಬಿತ್ತು. ಖಾಯಿಲೆಯಿಂದ ಮಲಗಿದ್ದವರು, ನೆಲಮಾಳಿಗೆಯಲ್ಲಿ ಅಡಗಿದ್ದವರು ಅಲ್ಲಿಯೇ ಸುಟ್ಟುಹೋದರು. ಸತ್ತವರು 28 ಮಂದಿ, ಗಾಯಗೊಂಡವರು 15. ಎಪ್ಪತ್ತಕ್ಕೂ ಹೆಚ್ಚು ಮನೆಗಳು ಬೂದಿಯಾದವು. ಬದುಕಿ ಉಳಿದವರು ಬೋಳುಗುಡ್ಡಗಳಲ್ಲಿ, ಹಳಿಯ ಪಕ್ಕದಲ್ಲಿ ಚದುರಿಹೋದರು. ಅವರನ್ನು ಮರುದಿನದಿಂದ ರೈಲುಗಳಲ್ಲಿ ಹತ್ತಿಸಿಕೊಂಡು ಸುಮಾರು ನೂರು ಮೈಲಿ ಪಶ್ಚಿಮದ ಇವಾನ್‌ಸ್ಟನ್ನಿಗೆ ಸೇರಿಸಲಾಯಿತು.

ವಯೋಮಿಂಗ್ ಆಗ ರಾಜ್ಯವಾಗಿರಲಿಲ್ಲ, ಕೇಂದ್ರದ ಆಡಳಿತಕ್ಕೆ ಒಳಪಟ್ಟ ಪ್ರಾಂತವಾಗಿತ್ತು. 1869ರ ಡಿಸೆಂಬರಿನಲ್ಲಿಯೇ ಹೆಂಗಸರಿಗೆ ಮತಾಧಿಕಾರ ಕೊಟ್ಟು ಲೋಕಕ್ಕೆ ಮಾದರಿಯಾದ ಪ್ರಾಂತ ಅದು ಎಂಬುದನ್ನೂ ಹೇಳಬೇಕು. ಒಂದು ವಿಷಯದಲ್ಲಿ ಮುಂದಿರುವ ಸಮಾಜ ಎಲ್ಲ ವಿಷಯಗಳಲ್ಲಿಯೂ ಮುಂದಿರುತ್ತದೆಯೆಂದು ನಂಬುವಂತಿಲ್ಲ. ಗವರ್ನರ್ ಫ್ರಾನ್ಸಿಸ್ ವಾರನ್ನರು ಮರುದಿನವೇ ಸ್ಥಳಕ್ಕೆ ಬಂದರು. ಅಧ್ಯಕ್ಷ ಕ್ಲೀವ್‌ಲೆಂಡರಿಗೆ ತಂತಿ ಹೋಯಿತು, ಸೈನ್ಯ ಬಂದಿತು. ಇಷ್ಟು ಸರಿಯೇ. ಸೆಪ್ಟೆಂಬರ್ 9ರಂದು ಸುಮಾರು ಆರುನೂರು ಚೀನೀಯರನ್ನು ಇವಾನ್‌ಸ್ಟನ್ನಿನಲ್ಲಿ ಸರಕು ಬೋಗಿಗಳಿಗೆ ಹತ್ತಿಸಿದರು. ತಮ್ಮನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕಳುಹಿಸುತ್ತಿದ್ದಾರೆ ಎಂದು ಅವರು ನಂಬಿದ್ದರು. ರೈಲು ಹೋದದ್ದು ಎದುರು ದಿಕ್ಕಿಗೆ. ಬಾಗಿಲು ತೆರೆದಾಗ ಅವರ ಕಣ್ಣಿಗೆ ಬಿದ್ದದ್ದು ಸುಟ್ಟ ತಮ್ಮ ಕೇರಿ. ಗಣಿಗಳನ್ನು ಮತ್ತೆ ತೆರೆಯಬೇಕಾಗಿತ್ತು, ಅದಕ್ಕೆ ಆಳುಗಳು ಬೇಕಾಗಿತ್ತು. ಹಿಂತಿರುಗಿಹೋಗಲು ಚೀಟಿಯನ್ನೂ ಬಾಕಿ ಸಂಬಳವನ್ನೂ ಕೇಳಿದವರಿಗೆ ಅದು ಸಿಗಲಿಲ್ಲ. ಸೈನ್ಯದ ಶಿಬಿರ ಮುಂದೆ 1899ರವರೆಗೂ ಆ ಊರಿನಲ್ಲಿಯೇ ಇತ್ತು.

ಹದಿನಾರು ಮಂದಿಯನ್ನು ಬಂಧಿಸಲಾಯಿತು. ಗ್ರೀನ್ ರಿವರ್‌ನಲ್ಲಿ ಕೂಡಿದ ಮಹಾಪಂಚರ ಮಂಡಲಿ ಒಬ್ಬನ ಮೇಲೂ ಆರೋಪ ಹೊರಿಸಲಿಲ್ಲ. ಹಾಡುಹಗಲಿನಲ್ಲಿ, ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಿನಲ್ಲಿ ನಡೆದ 28 ಕೊಲೆಗಳಿಗೆ ಸಾಕ್ಷಿ ಹೇಳುವವರು ಸಿಗಲಿಲ್ಲ. ಬಿಡುಗಡೆಯಾಗಿ ಬಂದವರಿಗೆ ಊರಿನಲ್ಲಿ ಜಯಕಾರದ ಸ್ವಾಗತ ದೊರೆಯಿತು.

ಇನ್ನು ನನ್ನ ಕಸುಬಿಗೆ ಸೇರಿದ ವಿಷಯಕ್ಕೆ ಬರುತ್ತೇನೆ. ಚೀನಾದ ರಾಯಭಾರಿಗಳು ಪರಿಹಾರ ಕೇಳಿದರು. ವಿದೇಶಾಂಗ ಕಾರ್ಯದರ್ಶಿ ಬೇಯರ್ಡ್ ಕೊಟ್ಟ ಉತ್ತರದ ಸಾರವೆಂದರೆ, ಇದು ಖಾಸಗಿ ಜನರ ಕೃತ್ಯ, ಮಾಡಿದವರಲ್ಲಿ ಬಹುಪಾಲು ಜನ ಅಮೆರಿಕದ ಪ್ರಜೆಗಳೇ ಅಲ್ಲ, ಆದ್ದರಿಂದ ಸರ್ಕಾರಕ್ಕೆ ಹೊಣೆಯಿಲ್ಲ. ಆದರೂ ಅಧ್ಯಕ್ಷರ ಶಿಫಾರಸಿನ ಮೇಲೆ 1887ರ ಫೆಬ್ರವರಿಯಲ್ಲಿ ಕಾಂಗ್ರೆಸ್ಸು ಹಣವನ್ನು ಮಂಜೂರು ಮಾಡಿತು. ಹೊಣೆಯೆಂದಲ್ಲ, ಔದಾರ್ಯವೆಂದು. ನಮ್ಮ ಕಚೇರಿಗಳ ಭಾಷೆಯಲ್ಲಿ ಎಕ್ಸ್‌ಗ್ರೇಷಿಯಾ. ಮೊತ್ತ 1,47,748 ಡಾಲರು 74 ಸೆಂಟು. ಆ 74 ಸೆಂಟನ್ನು ಮೊದಲು ಓದಿದಾಗ ನಾನು ಬಹಳ ಹೊತ್ತು ಪುಟ ತಿರುಗಿಸಲಿಲ್ಲ. ಪರಿಹಾರ ಕೊಟ್ಟದ್ದು ಸುಟ್ಟ ಮತ್ತು ದೋಚಿದ ಸ್ವತ್ತಿಗೆ. ಹಾಸಿಗೆ, ಬಟ್ಟೆ, ಪಾತ್ರೆ, ಕೂಡಿಟ್ಟ ಹಣ ಎಲ್ಲವನ್ನೂ ಸೆಂಟಿನವರೆಗೆ ಎಣಿಸಿದ್ದಾರೆ. 28 ಪ್ರಾಣಗಳಿಗೆ ಆ ಲೆಕ್ಕದಲ್ಲಿ ಬಾಬತ್ತಿಲ್ಲ. ಅಂಕಿಗಳನ್ನು ಕೂಡಿಸಿ ನೋಡಿದರೆ ತಾಳೆಯಾಗುತ್ತದೆ, ತಪ್ಪು ಹುಡುಕಲಾಗದು. ತಾಳೆಯಾಗುವ ಲೆಕ್ಕವೆಲ್ಲ ನ್ಯಾಯವಾದ ಲೆಕ್ಕವಲ್ಲವೆಂದು ಮೂವತ್ತು ವರ್ಷ ಲೆಕ್ಕ ನೋಡಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಿತ್ರರೇ, ಈ ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿ, "ಅಮೆರಿಕನ್ನರು ಎಂಥವರು ನೋಡಿ" ಎಂದು ಹೇಳಿ ಕುಳಿತುಬಿಡಬಹುದು. ಅದಕ್ಕೆ ಆಧಾರವೂ ಇದೆ. 1907ರ ಸೆಪ್ಟೆಂಬರ್ 4ರಂದು ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮಿನಲ್ಲಿ ಮರದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಪಂಜಾಬಿನ ನಮ್ಮವರನ್ನು ಇದೇ ರೀತಿ ಹೊಡೆದೋಡಿಸಿದರು. 1917ರ ಕಾಯಿದೆ ಭಾರತದಿಂದ ವಲಸೆ ಬರುವುದನ್ನೇ ನಿಷೇಧಿಸಿತು. ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು 1923ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಚೀನೀಯರ ಮೇಲಿನ ಬಹಿಷ್ಕಾರ 1943ರಲ್ಲಿ, ನಮ್ಮ ಮೇಲಿನದು 1946ರಲ್ಲಿ ಸಡಿಲವಾಯಿತು. ಇಂದು ನನ್ನ ಮಗಳು ಆ ದೇಶದಲ್ಲಿ ವೀಸಾದ ಅವಧಿಯನ್ನು ಎಣಿಸುತ್ತ ಕುಳಿತಿದ್ದಾಳೆ. ಹೊರಗಿನವಳಾಗಿರುವುದು ಏನೆಂದು ಅವಳು ನನಗೆ ಹೇಳುತ್ತಾಳೆ, ನನಗೂ ತಿಳಿಯುತ್ತದೆ. ಆದರೆ ಅಷ್ಟಕ್ಕೇ ನಿಲ್ಲಿಸುವ ಅಧಿಕಾರ ನನಗಿಲ್ಲ.

ನನ್ನ ತಂದೆ 1950ರ ದಶಕದಲ್ಲಿ ಕುಂದಾಪುರದ ಕಡೆಯಿಂದ ಈ ಮುಂಬಯಿಗೆ ಬಂದರು. ಹೋಟೆಲಿನಲ್ಲಿ ಲೋಟ ತೊಳೆದರು, ಕನ್ನಡದ ರಾತ್ರಿಶಾಲೆಯಲ್ಲಿ ಓದಿದರು, ಕೊನೆಗೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತರು. ಅರವತ್ತರ ದಶಕದ ಕೊನೆಯಲ್ಲಿ ದಕ್ಷಿಣದವರ ವಿರುದ್ಧ ಈ ಊರಿನಲ್ಲಿ ಕೂಗೆದ್ದ ದಿನಗಳನ್ನು ಇಲ್ಲಿರುವ ಹಿರಿಯರು ಬಲ್ಲರು. ಹೋಟೆಲಿನ ಗಾಜು ಒಡೆಯಿತು, ಕನ್ನಡದ ಫಲಕ ರಾತ್ರೋರಾತ್ರಿ ಇಳಿಯಿತು. ಆ ರಾತ್ರಿ ತಂದೆಯವರನ್ನೂ ಇಬ್ಬರು ಹುಡುಗರನ್ನೂ ಚಾಳಿನ ಕೋಣೆಯಲ್ಲಿ ಕೂಡಿಸಿ, ಬಾಗಿಲಿಗೆ ಅಡ್ಡವಾಗಿ ಕುಳಿತವರು ಮರಾಠಿ ಮಾತನಾಡುವ ಒಬ್ಬ ಮುದುಕಿ. ತಂದೆಯವರು ಗಾಜಿನ ಕಥೆಯನ್ನು ಒಂದು ಸಲ ಹೇಳಿದರೆ ಆ ಆಜಿಯ ಕಥೆಯನ್ನು ಹತ್ತು ಸಲ ಹೇಳುತ್ತಿದ್ದರು. ನಾನು ಹುಟ್ಟಿದ್ದು ಅದಾದ ಮೇಲೆ. ಆದರೆ ಆ ಬಾಗಿಲನ್ನು ಕಂಡವನಂತೆಯೇ ಬೆಳೆದೆ.

1991ರ ಡಿಸೆಂಬರಿನಲ್ಲಿ ನಾನು ಬೆಂಗಳೂರಿನಲ್ಲಿ ಎಂ.ಎ. ವಿದ್ಯಾರ್ಥಿ. ಕಾವೇರಿ ನ್ಯಾಯಮಂಡಲಿಯ ಮಧ್ಯಂತರ ಆದೇಶ ಆ ತಿಂಗಳು ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾಗಿತ್ತು. ಊರಿನಲ್ಲಿ ತಮಿಳರ ಮೇಲೆ ಹಲ್ಲೆಗಳು ನಡೆದು ಜನ ಪ್ರಾಣ ಕಳೆದುಕೊಂಡರು. ನಾನು ಬಾಡಿಗೆಗಿದ್ದ ಕೋಣೆಯ ಮುಂದೆ ಗಾಡಿಯ ಮೇಲೆ ಬಟ್ಟೆ ಇಸ್ತ್ರಿ ಮಾಡುವ ಒಬ್ಬ ತಮಿಳನಿದ್ದ. ಗಲಭೆಯ ಹಿಂದಿನ ಸಂಜೆ ನನ್ನ ಬಾಗಿಲಿಗೆ ಬಂದು, ತನಗೆ ಬರುತ್ತಿದ್ದ ಕನ್ನಡದಲ್ಲಿ, "ಸಾರ್, ಬಟ್ಟೆ ಗಂಟು ಮಾತ್ರ ಒಳಗೆ ಇಡ್ಲಾ? ಜನರ ಬಟ್ಟೆ" ಎಂದ. ತನಗೆ ಆಶ್ರಯ ಕೇಳಲಿಲ್ಲ, ಇತರರ ಬಟ್ಟೆಗೆ ಕೇಳಿದ. ಮನೆಯ ಮಾಲೀಕರು ಏನೆನ್ನುವರೋ ಎಂದು ನನಗೆ ಭಯ. "ನೋಡೋಣ" ಎಂದೆ. ಸರ್ಕಾರಿ ಕೆಲಸಕ್ಕೆ ಸೇರುವ ಮೊದಲೇ ಆ ಮಾತನ್ನು ಕಲಿತಿದ್ದೆ. ಮರುದಿನ ಗಾಡಿ ಸುಟ್ಟುಹೋಯಿತು, ಗಂಟೂ ಸುಟ್ಟುಹೋಯಿತು.

ಹದಿನೈದು ದಿನಗಳ ಮೇಲೆ ಅವನು ಬಂದು ಬೀದಿಯ ಪ್ರತಿ ಮನೆಯ ಬಾಗಿಲಲ್ಲಿ ನಿಂತು, ಸುಟ್ಟ ಬಟ್ಟೆಗಳ ಲೆಕ್ಕ ಕೇಳಿ ಬರೆದುಕೊಂಡ, ತಿಂಗಳು ತಿಂಗಳು ತೀರಿಸುತ್ತೇನೆಂದ. ಅದರಲ್ಲಿ ನನ್ನ ಎರಡು ಅಂಗಿಗಳಿದ್ದವು. "ಬೇಡಪ್ಪ, ಬಿಡು" ಎಂದೆ. ದೊಡ್ಡ ಮನಸ್ಸು ತೋರಿದೆನೆಂದು ಆ ದಿನ ಒಳಗೊಳಗೇ ಸಂತೋಷಪಟ್ಟೆ. ಅದು ನನ್ನ ಎಕ್ಸ್‌ಗ್ರೇಷಿಯಾ. ಹೊಣೆಯನ್ನು ಒಪ್ಪಿಕೊಳ್ಳದವನು ಔದಾರ್ಯವನ್ನು ತೋರುತ್ತಾನೆ ಎಂಬುದು ರಾಕ್ ಸ್ಪ್ರಿಂಗ್ಸ್‌ನ ಕಡತವನ್ನು ಓದುವವರೆಗೆ ನನಗೆ ಹೊಳೆಯಲಿಲ್ಲ. ಮುಂಬಯಿಯ ಆ ಬಾಗಿಲ ಕಥೆಯನ್ನು ಹಾಲಿನೊಡನೆ ಕುಡಿದು ಬೆಳೆದ ಮಗ, ಬೆಂಗಳೂರಿನಲ್ಲಿ ಬಾಗಿಲು ತೆರೆಯಲಿಲ್ಲ. ಮುಂಬಯಿಯಲ್ಲಿ ನಾವು ಹೊರಗಿನವರು, ಬೆಂಗಳೂರಿನಲ್ಲಿ ಒಳಗಿನವರು. ರೈಲಿನಲ್ಲಿ ಒಂದು ರಾತ್ರಿ ಕಳೆದರೆ ನಮ್ಮ ನ್ಯಾಯವೇ ಬದಲಾಗುವುದಾದರೆ, ಅದನ್ನು ನ್ಯಾಯವೆಂದು ಕರೆಯುವುದು ಹೇಗೆ?

ಸ್ಥಳೀಯರ ಕೂಗಿಗೆ ಅರ್ಥವೇ ಇಲ್ಲವೆಂದು ನಾನು ಹೇಳುತ್ತಿಲ್ಲ. 1875ರ ಗಣಿಗಾರರ ಕೂಲಿ ನಿಜವಾಗಿಯೂ ಇಳಿಯಿತು. ನಮ್ಮ ನಾಡಿನಲ್ಲಿಯೂ ಕೆಲಸ ಸಿಗದ ಕನ್ನಡದ ಹುಡುಗನ ಸಂಕಟ ನಿಜವಾದದ್ದೇ. 2024ರ ಜುಲೈಯಲ್ಲಿ ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಯನ್ನು ಕರ್ನಾಟಕದ ಸಚಿವ ಸಂಪುಟ ಒಪ್ಪಿ, ಒಂದೆರಡು ದಿನಗಳಲ್ಲಿಯೇ ತಡೆಹಿಡಿದಾಗ ನಮ್ಮ ಸಂಘದಲ್ಲಿಯೂ ಬಿಸಿಬಿಸಿ ಚರ್ಚೆಯಾಯಿತು. ಅದರ ಸಾಧಕಬಾಧಕಗಳನ್ನು ಹೇಳಲು ಸರ್ಕಾರಿ ನೌಕರನಾದ ನಾನು ಬಂದಿಲ್ಲ. ಕೇಳಬೇಕಾದ ಪ್ರಶ್ನೆಯ ಕ್ರಮವನ್ನು ಮಾತ್ರ ಹೇಳುತ್ತೇನೆ. ಕೂಲಿಯನ್ನು ಇಳಿಸಿದವರು ಯಾರು? ಒಳ್ಳೆಯ ಕೋಣೆ, ಕೆಟ್ಟ ಕೋಣೆ ಎಂದು ಹಂಚಿದವರು ಯಾರು? ಈ ಪ್ರಶ್ನೆಗಳನ್ನು ಮೊದಲು ಕೇಳಬೇಕು. ಪಕ್ಕದ ಕೋಣೆಯಲ್ಲಿ ಅಗೆಯುತ್ತಿರುವವನ ಭಾಷೆ ಯಾವುದೆಂಬುದನ್ನು ಮೊದಲು ಕೇಳಿದರೆ, ಉತ್ತರ ಕೊಡಬೇಕಾದವರು ತಪ್ಪಿಸಿಕೊಳ್ಳುತ್ತಾರೆ. ರಾಕ್ ಸ್ಪ್ರಿಂಗ್ಸ್‌ನಲ್ಲಿ ಅಷ್ಟೆಲ್ಲ ಆದ ಮೇಲೂ ಕಂಪನಿಯ ಗಣಿ ನಡೆಯಿತು, ಬಿಳಿಯರ ಕೂಲಿಯ ದೂರು ಇದ್ದಲ್ಲಿಯೇ ಉಳಿಯಿತು.

ಆ ಊರು ಮುಂದೆ ಏನಾಯಿತು? 1890ರ ಹೊತ್ತಿಗೆ ಜನಸಂಖ್ಯೆ ಮೂರು ಸಾವಿರವನ್ನು ದಾಟಿತು. ಸ್ಲೊವೇನಿಯ, ಫಿನ್ಲೆಂಡ್, ಇಟಲಿ, ಗ್ರೀಸ್, ಜಪಾನ್ ಮೊದಲಾದ ಕಡೆಗಳ ಜನ ಗಣಿಗೆ ಬಂದು ಸೇರಿದರು. ಐವತ್ತಾರು ಜನಾಂಗಗಳ ಮನೆ ಎಂದು ಆ ಊರು ಈಗ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. 1950ರ ದಶಕದಲ್ಲಿ ಉಗಿಬಂಡಿ ಹೋಗಿ ಡೀಸೆಲ್ ಬಂಡಿ ಬಂದಾಗ ಗಣಿಗಳು ಒಂದೊಂದಾಗಿ ಮುಚ್ಚಿದವು. ಮೇಲೆ ಮನೆಗಳೆದ್ದ ಕಡೆಗಳಲ್ಲಿ ಹಳೆಯ ಕೋಣೆಗಳ ಚಾವಣಿ ಕುಸಿದು ನೆಲ ತಗ್ಗಾಯಿತು. ಆ ಪೊಳ್ಳುಗಳನ್ನು ತುಂಬಿಸುವುದಕ್ಕೆ ಸರ್ಕಾರ ದಶಕಗಳಿಂದ ಹಣ ಸುರಿಯುತ್ತಿದೆ. 2024ರಲ್ಲಿ ಪುರಾತತ್ತ್ವದ ವಿದ್ಯಾರ್ಥಿಗಳು ಹಳೆಯ ಚೀನೀ ಕೇರಿಯ ನೆಲವನ್ನು ಅಗೆದಾಗ 1885ರ ಬೆಂಕಿಯ ಪದರ ದೊರೆಯಿತು. 2025ರ ಸೆಪ್ಟೆಂಬರಿನಲ್ಲಿ, ಘಟನೆಗೆ 140 ವರ್ಷ ತುಂಬಿದಾಗ, ಊರಿನವರು ಕೂಡಿ ಅಲ್ಲಿ ಸ್ಮಾರಕವನ್ನು ನಿಲ್ಲಿಸಿದರು. ಸಾಕ್ಷಿ ಹೇಳಲು ಒಬ್ಬನೂ ಮುಂದೆ ಬಾರದ ಊರು, ತಡವಾಗಿಯಾದರೂ ಸಾಕ್ಷಿ ಹೇಳಿತು.

ಈ ಘಟನೆ ಇಷ್ಟು ವಿವರವಾಗಿ ನಮಗೆ ತಿಳಿದಿರುವುದಕ್ಕೆ ಒಂದು ಮುಖ್ಯ ಕಾರಣ, ಬದುಕಿ ಉಳಿದ ಚೀನೀ ಕೂಲಿಕಾರರು 559 ಮಂದಿ ತಮ್ಮ ಹೆಸರು ಹಾಕಿ ನ್ಯೂಯಾರ್ಕಿನಲ್ಲಿದ್ದ ತಮ್ಮ ದೇಶದ ಕಾನ್ಸಲರಿಗೆ ಬರೆದ ಮನವಿಪತ್ರ. ಯಾರು ಎಲ್ಲಿ ಸತ್ತರು, ಯಾರ ದೇಹ ಸಿಕ್ಕಿತು, ಯಾರದು ಸಿಗಲಿಲ್ಲ ಎಂದು ಹೆಸರು ಹೆಸರಾಗಿ ಬರೆದಿದ್ದಾರೆ. ಸರ್ಕಾರದ ಲೆಕ್ಕದಲ್ಲಿ ಬಾಬತ್ತಿಲ್ಲದೆ ಹೋದ ಪ್ರಾಣಗಳಿಗೆ ಕೂಲಿಗಳೇ ಒಂದು ಲೆಕ್ಕ ಬರೆದಿಟ್ಟರು.

ಆದ್ದರಿಂದ ಸಂಘದ ಮುಂದೆ ನನ್ನದು ಒಂದೇ ಸೂಚನೆ. ನಮ್ಮ ಕಪಾಟಿನಲ್ಲಿ ರಾತ್ರಿಶಾಲೆಯ ಹಳೆಯ ದಾಖಲಾತಿ ಪುಸ್ತಕಗಳು ಗೆದ್ದಲು ಹಿಡಿಯುವ ಸ್ಥಿತಿಯಲ್ಲಿವೆ. ಅದರಲ್ಲಿರುವ ಹುಡುಗರು ಯಾರು, ಯಾವ ಊರಿನಿಂದ ಬಂದರು, ಯಾವ ಹೋಟೆಲಿನಲ್ಲಿ ದುಡಿದರು ಎಂಬುದನ್ನು ಉಳಿದಿರುವ ಹಿರಿಯರನ್ನು ಕೇಳಿ ಬರೆದಿಡೋಣ. ನಮಗೆ ಕಲ್ಲು ಬಿದ್ದದ್ದನ್ನು ಬರೆಯೋಣ. ನಮಗಾಗಿ ಬಾಗಿಲಿಗೆ ಅಡ್ಡ ಕುಳಿತವರ ಹೆಸರುಗಳನ್ನೂ ಬರೆಯೋಣ. ಇನ್ನೊಂದು ಪುಟವನ್ನು ಬೇರೆ ಇಟ್ಟು, ನಮ್ಮ ನಾಡಿನಲ್ಲಿ ನಾವು ತೆರೆಯದ ಬಾಗಿಲುಗಳನ್ನೂ ಬರೆಯೋಣ. ಆ ಪುಟದ ಮೊದಲ ಸಾಲನ್ನು ನಾನು ಬರೆದುಕೊಡುತ್ತೇನೆ. ಅವನ ಹೆಸರನ್ನು ನಾನು ಆ ದಿನ ಕೇಳಿರಲಿಲ್ಲ. ಆದ್ದರಿಂದ ಇಸ್ತ್ರಿಯವನು ಎಂದಷ್ಟೇ ಬರೆಯಬೇಕಾಗಿದೆ.